ಫೋರ್-ವೀಲ್ ವ್ಯಾನ್, ಹನ್ನೆರಡು ವರ್ಷದ ನಂತರ: ಗಾಡಿ ಇದೆ, ಮಾಡಿಕೊಟ್ಟ ಶಾಪ್ ಇಲ್ಲ

ನನ್ನದು 2008ರ ಫೋರ್ಡ್ ಇ-350 ವ್ಯಾನ್. ಕೊಂಡಾಗ ಹಿಂದಿನ ಚಕ್ರಗಳಿಗೆ ಮಾತ್ರ ಡ್ರೈವ್ ಇತ್ತು. 2012ರಲ್ಲಿ ಕೊಲೊರಾಡೊದ ಒಂದು ಸಣ್ಣ ಶಾಪ್‌ನಲ್ಲಿ ಫೋರ್-ವೀಲ್, ಅಂದರೆ ನಾಲ್ಕೂ ಚಕ್ರಕ್ಕೆ ಡ್ರೈವ್, ಮಾಡಿಸಿದೆ. ಅಲ್ಲಿ ಇದ್ದದ್ದು ಮೂರೇ ಜನ. ಆರು ವಾರ ಹಿಡಿಯಿತು.

ಮುಂದಿನ ಟ್ವಿನ್ ಐ-ಬೀಮ್ (ಎರಡು ತೊಲೆಯ) ಸಸ್ಪೆನ್ಷನ್ ಪೂರ್ತಿ ಬಿಚ್ಚಿ, ಫೋರ್ಡ್ ಪಿಕಪ್ಪಿನ ಡಾನಾ 60 ಅನ್ನುವ, ಮುಂದಿನ ಚಕ್ರ ತಿರುಗಿಸುವ ಗಟ್ಟಿ ಆಕ್ಸಲ್ ಕೂರಿಸಿದರು. ಗೇರ್‌ಬಾಕ್ಸ್ ಹಿಂದೆ ಟ್ರಾನ್ಸ್‌ಫರ್ ಕೇಸ್: ಮುಂದಿನ ಚಕ್ರಗಳಿಗೂ ಶಕ್ತಿ ಹಂಚುವ, ನಿಧಾನದ ಲೋ ಗೇರ್ ಕೊಡುವ ಪೆಟ್ಟಿಗೆ. ಬ್ರಾಕೆಟ್‌ಗಳನ್ನೆಲ್ಲ ಅಲ್ಲೇ ಕತ್ತರಿಸಿ ವೆಲ್ಡ್ ಮಾಡಿದ್ದು. ಇವತ್ತಿಗೂ ಒಂದೂ ಬಿರುಕು ಬಿಟ್ಟಿಲ್ಲ.

ಯೂಟಾದ ಕಲ್ಲಿನ ಇಳಿಜಾರಿನಲ್ಲಿ ಲೋ ಗೇರ್ ಹಾಕಿದರೆ ಬ್ರೇಕ್ ಮುಟ್ಟುವುದೇ ಬೇಡ, ಇಷ್ಟು ಭಾರದ ವ್ಯಾನ್ ತಾನಾಗಿ ಮೆಲ್ಲಗೆ ಇಳಿಯುತ್ತದೆ. ಆ ಸುಖಕ್ಕೇ ಈ ಗಾಡಿ ಇಟ್ಟುಕೊಂಡಿದ್ದೇನೆ.

ತೊಂದರೆ ಇಲ್ಲ ಅಂತಲ್ಲ. ಪಿಕಪ್ಪಿನ ಹಬ್ ಇರುವುದರಿಂದ ಮುಂದಿನ ಚಕ್ರದ ಎಂಟು ಬೋಲ್ಟುಗಳ ವೃತ್ತದ ವ್ಯಾಸ 170 ಮಿಲಿಮೀಟರ್, ಹಿಂದಿನದು 165. ಐದೇ ಮಿಲಿಮೀಟರ್ ವ್ಯತ್ಯಾಸ, ಆದರೆ ಮುಂದಿನ ಚಕ್ರ ಹಿಂದೆ ಕೂರಲ್ಲ, ಎರಡು ಸ್ಟೆಪ್ನಿ ಹೊರಬೇಕು. ಮಾಡುವಾಗಲೇ ಸರಿ ಮಾಡಬಹುದಿತ್ತು, ಮಾಡಲಿಲ್ಲ. ಇದು ನನಗೆ ಈಗಲೂ ಬೇಜಾರು. ಮೂರನೇ ವರ್ಷ ಒಂದು ಗುಂಡಿ ದಾಟಿದ ಮೇಲೆ ಸ್ಟಿಯರಿಂಗ್ ಹಿಡಿಯಲಾಗದಷ್ಟು ನಡುಗಿತು. ಬೇರೆ ಗ್ಯಾರೇಜಿನಲ್ಲಿ ಸುಮ್ನೆ ಟೈರ್ ಬದಲಿಸಿದರು. ಕೊನೆಗೆ ಶಾಪ್ ಯಜಮಾನರಿಗೆ ಫೋನ್ ಮಾಡಿದೆ. "ಒಬ್ಬರು ಸ್ಟಿಯರಿಂಗ್ ಆಡಿಸಲಿ, ನೀವು ಟ್ರ್ಯಾಕ್ ಬಾರ್ ಬುಷ್ ಮೇಲೆ ಬೆರಳಿಟ್ಟು ನೋಡಿ" ಅಂದರು. ಬೆರಳಿಗೆ ಟಕ್ ಟಕ್ ಅಂತ ಸಿಕ್ಕಿತು. ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಆ ಕಂಬಿಯ ಬುಷ್ ಸವೆದಿತ್ತು.

ಆ ಶಾಪ್ 2019ರಲ್ಲಿ ಮುಚ್ಚಿತು. 2014ರ ಮಾಡೆಲ್ ನಂತರ ಫೋರ್ಡ್ ಪೂರ್ತಿ ಬಾಡಿಯ ಇ-ಸರಣಿ ವ್ಯಾನ್ ನಿಲ್ಲಿಸಿತು. ಅದರ ಬದಲು ಬಂದ ಟ್ರಾನ್ಸಿಟ್‌ಗೆ ಹಳೆಯದರ ಹಾಗೆ ಬಾಡಿಯಿಂದ ಪ್ರತ್ಯೇಕವಾದ ಚಾಸಿ (ಕೆಳಗಿನ ಚೌಕಟ್ಟು) ಇಲ್ಲ, ಆ ಬ್ರಾಕೆಟ್ ಯಾವುದೂ ಕೂರಲ್ಲ. ಅಷ್ಟರಲ್ಲಿ ಮರ್ಸಿಡಿಸ್‌ನ ಸ್ಪ್ರಿಂಟರ್ ವ್ಯಾನ್ 2015ರ ಮಾಡೆಲ್‌ನಿಂದ ಅಮೆರಿಕದಲ್ಲೂ ಫೋರ್-ವೀಲ್ ಆಗಿ ಸಿಗತೊಡಗಿತ್ತು. 2020ರ ಮಾಡೆಲ್‌ನಿಂದ ಟ್ರಾನ್ಸಿಟ್ ಕೂಡ ಆಲ್-ವೀಲ್. ಅದಕ್ಕೆ ಲೋ ಗೇರ್ ಇಲ್ಲ, ನಿಜ. ಆದರೂ ವಾರಂಟಿ ಸಮೇತ ಶೋರೂಮಿನಲ್ಲಿ ಸಿಗುವಾಗ ಆರು ವಾರ ಯಾರು ಕಾಯ್ತಾರೆ? ವ್ಯಾನ್‌ಗಳನ್ನು ಫೋರ್-ವೀಲ್ ಮಾಡಿಕೊಡುವ ಪೆನ್ಸಿಲ್ವೇನಿಯಾದ ಕ್ವಿಗ್ಲಿ ಕಂಪನಿಯಂಥ ದೊಡ್ಡವರ ಮಾತು ಬೇರೆ. ಮೂರು ಜನರ ಶಾಪ್‌ಗೆ ತಡೆದುಕೊಳ್ಳುವುದು ಕಷ್ಟ.

ಮುಚ್ಚುವ ಮುಂಚೆ ಯಜಮಾನರು ಎರಡು ಹಾಳೆ ಬರೆದುಕೊಟ್ಟರು. ಯಾವ ಭಾಗ ಯಾವ ವರ್ಷದ ಯಾವ ಟ್ರಕ್ಕಿನದು, ಪಾರ್ಟ್ ನಂಬರ್ ಏನು, ಎಲ್ಲಾ ಇದೆ. ಹೋದ ತಿಂಗಳು ಮುಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಶಾಫ್ಟಿನ ಯು-ಜಾಯಿಂಟ್ (ಬಾಗುವ ಕೀಲು) ಹೋಯಿತು. ಅಂಗಡಿಯ ಹುಡುಗ ಇ-350 ಅಂತ ಕಂಪ್ಯೂಟರಿನಲ್ಲಿ ಹುಡುಕಿದ. ಆ ಗಾಡಿಗೆ ಮುಂದಿನ ಶಾಫ್ಟೇ ಇಲ್ಲ ಅಂತ ಬಂತು! ಹಾಳೆ ತೋರಿಸಿದೆ. ಹತ್ತು ನಿಮಿಷದಲ್ಲಿ ಜಾಯಿಂಟ್ ಕೈಯಲ್ಲಿತ್ತು.

ಇಂಥ ಹಳೇ ವ್ಯಾನ್ ಕೊಳ್ಳುವವರು ಎಂಜಿನ್ ನೋಡುವ ಮುಂಚೆ ಇಂಥ ಹಾಳೆ ಇದೆಯಾ ಕೇಳಿ. ಇಲ್ಲ ಅಂದರೆ ಗಾಡಿ ಕೆಳಗೆ ಮಲಗಿ ಪ್ರತಿ ಭಾಗದ ನಂಬರ್ ನೀವೇ ಬರೆದಿಟ್ಟುಕೊಳ್ಳಿ. ಮುಂದಿನ, ಹಿಂದಿನ ಬೋಲ್ಟಿನ ಅಳತೆ ಎರಡನ್ನೂ ತೆಗೆದುಕೊಳ್ಳಿ.