ಲ್ಯಾವೆಂಡರ್ ನುಸಿಗೆ ನಾಲ್ಕು ಮದ್ದು, ಒಂದು ಕೊಡ ಸಿಹಿನೀರು

ನನ್ನ ವೋಟು ಸೋಪಿನ ನೀರಿಗೆ. ದುಡ್ಡು ಕೊಟ್ಟು ತಂದ ಇನ್ನೆರಡು ಬಾಟಲಿ ಮೆಟ್ಟಿಲ ಕೆಳಗೆ ಧೂಳು ಹಿಡಿದು ಕೂತಿವೆ. ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ವಿಜಯಪುರದ ಮಾಳಿಗೆ ಮೇಲೆ ಲ್ಯಾವೆಂಡರ್ ಬೆಳೆಸುವುದೇ ಹುಚ್ಚು ಅನ್ನುವವರಿದ್ದಾರೆ, ಇರಲಿ. ನನ್ನವು ನಾಲ್ಕು ಕುಂಡ. ಮಾರ್ಚಿನಲ್ಲಿ ಎಲೆ ಮಂಕಾದವು. ಈ ಗಿಡದ ಎಲೆ ಮೊದಲೇ ಬೂದು ಬಣ್ಣದ್ದು, ಮೇಲೆ ನವಿರು ರೋಮ. ಹುಟ್ಟು ಬಣ್ಣ ಯಾವುದು, ರೋಗದ ಬಣ್ಣ ಯಾವುದು ತಿಳಿಯುವುದೇ ಇಲ್ಲ. ಹೂದಂಟಿನ ಮೇಲೆ ಹಸಿರು ಹೇನು, ಅದರ ಹಿಂದೆ ಇರುವೆ ಸಾಲು ಕಂಡಿತು. ಔಷಧಿ ಅಂಗಡಿಗೆ ಹೋದೆ. "ಅಕ್ಕಾರ, ಇದನ್ನ ಹೊಡೀರಿ, ಎಂಟ ದಿನದಾಗ ಎಲ್ಲಾ ಕ್ಲೀನ್" ಎಂದು ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಕೊಟ್ಟರು.

ಹೇನು ಹೋಯಿತು, ಮಾತು ಸುಳ್ಳಲ್ಲ. ಆದರೆ ಎರಡು ವಾರಕ್ಕೆ ರೆಂಬೆಗಳ ನಡುವೆ ಸಣ್ಣ ಬಲೆ ಕಟ್ಟಿತು. ಬಿಳಿ ಹಾಳೆ ಹಿಡಿದು ಕೊಂಬೆ ಕೊಡವಿದೆ. ಸೂಜಿಮೊನೆಯಷ್ಟು ಚುಕ್ಕೆಗಳು ನಡೆದಾಡಿದವು, ಬೆರಳಲ್ಲಿ ಒರೆಸಿದರೆ ಕೆಂಪು ಗೆರೆ. ಇದು ಜೇಡ ನುಸಿ. ಎಂಟು ಕಾಲಿನ ಜೀವಿ, ಕೀಟವಲ್ಲ, ಜೇಡನ ಬಳಗ. ಆ ಔಷಧಿ ಇದಕ್ಕೆ ನಾಟುವುದಿಲ್ಲ. ಅದನ್ನು ಹೊಡೆದ ಮೇಲೆ ನುಸಿ ಇನ್ನೂ ಹೆಚ್ಚಿದ ಬೆಳೆಗಳೂ ಇವೆ. ಜೇನ್ನೊಣ ಬರುವ ಹೂವಿಗೆ ಅದನ್ನು ಹೊಡೆದದ್ದಕ್ಕೆ ನನ್ನ ಮೇಲೇ ನನಗೆ ಸಿಟ್ಟಿದೆ.

ಗಂಧಕ ನುಸಿಗೆ ಒಳ್ಳೆಯ ಮದ್ದು. ತಿಕೋಟಾ ಕಡೆ ದ್ರಾಕ್ಷಿ ತೋಟವಿರುವ ನೆಂಟರು ಬೂದಿರೋಗಕ್ಕೆ ಹೊಡೆಯುವ ನೀರಲ್ಲಿ ಬೆರೆಯುವ ಗಂಧಕವನ್ನೇ ಪೊಟ್ಟಣ ಕಟ್ಟಿ ಕೊಟ್ಟರು, ಲೀಟರಿಗೆ 2 ಗ್ರಾಂ. ತಾಪ 32 ಡಿಗ್ರಿ ದಾಟಿದರೆ ಅದು ಎಲೆ ಸುಡುತ್ತದೆ. ನಮ್ಮಲ್ಲಿ ಬೇಸಿಗೆಯಲ್ಲಿ ಅದಕ್ಕಿಂತ ತಂಪು ಎಷ್ಟು ಹೊತ್ತು? ಒಂದು ಕುಂಡದ ತುದಿಗಳೆಲ್ಲ ಕರಕಲಾದವು.

ಬೇವಿನೆಣ್ಣೆ ನಿಧಾನ, ನಾತ, ಮೇಲಾಗಿ ಗಂಧಕ ಹೊಡೆದ ಎರಡು ವಾರದೊಳಗೆ ಅದನ್ನು ಮುಟ್ಟುವಂತಿಲ್ಲ.

ಇನ್ನು ಸೋಪು. ಗಿಡಕ್ಕೆಂದೇ ಮಾರುವ ಪೊಟ್ಯಾಷಿಯಂ ಸೋಪು, ಲೀಟರಿಗೆ ಒಂದು ಟೀ ಚಮಚ. ಪಾತ್ರೆ ತೊಳೆಯುವ ದ್ರವ ಬೇಡ, ಎಲೆಯ ಮೇಣವನ್ನೇ ಕಿತ್ತುಬಿಡುತ್ತದೆ. ಮೊದಲ ಸಲ ನಮ್ಮ ಬೋರಿನ ನೀರಿಗೆ ಹಾಕಿದೆ. ನೊರೆಯೇ ಇಲ್ಲ. ಒಡೆದ ಹಾಲಿನಂತೆ ಬಿಳಿ ಚೂರು ತೇಲಿತು, ಪಂಪಿನ ಮೂತಿ ಕಟ್ಟಿಕೊಂಡಿತು. ಪಿನ್ ಹಾಕಿ ಬಿಡಿಸಿದೆ, ಮತ್ತೆ ಕಟ್ಟಿತು. ಒಣಗಿದ ಮೇಲೆ ಎಲೆಯ ಮೇಲೆ ಸುಣ್ಣ ಬಳಿದಂತೆ ಪದರ, ನುಸಿ ಮಾತ್ರ ಆರಾಮಾಗಿತ್ತು. ಸೋಪು ಕೆಟ್ಟದ್ದೆಂದು ಇನ್ನೊಂದು ಬಾಟಲಿ ತಂದೆ. ಅದೂ ಅದೇ ಹಾಡು.

ತಪ್ಪು ಸೋಪಿನದ್ದಲ್ಲ, ಸವುಳು ನೀರಿನದು. ನೀರಿನ ಕ್ಯಾಲ್ಸಿಯಂ ಸೋಪನ್ನು ಹಿಡಿದು ಗಟ್ಟಿ ಮಾಡುತ್ತದೆ, ನುಸಿಯನ್ನು ಕೊಲ್ಲಲು ಏನೂ ಉಳಿಯುವುದಿಲ್ಲ. ಅದೇ ಬೋರಿನಲ್ಲಿ ಬೇಳೆ ಬೇಯದೆಂದು ಅಡುಗೆಗೆ ಸಿಹಿನೀರು ತರುವ ನನಗೆ ಇದು ಹೊಳೆಯಲು ಒಂದು ತಿಂಗಳು ಬೇಕಾಯಿತು! ಓಣಿಯ ಶುದ್ಧ ನೀರಿನ ಘಟಕದಿಂದ ತಂದ ನೀರಲ್ಲಿ ಕಲಸಿದ ದಿನ ಒಳ್ಳೆ ನೊರೆ ಬಂತು.

ಸೋಪು ಹಸಿಯಾಗಿ ತಾಗಿದ ನುಸಿಯಷ್ಟೇ ಸಾಯುತ್ತದೆ, ಮೊಟ್ಟೆ ಉಳಿಯುತ್ತದೆ. ಈ ಸೆಕೆಯಲ್ಲಿ ಮೊಟ್ಟೆ ದೊಡ್ಡ ನುಸಿಯಾಗಲು ವಾರದ ಆಸುಪಾಸು ಸಾಕು. ಅದಕ್ಕೇ ನಾಲ್ಕೈದು ದಿನಕ್ಕೊಮ್ಮೆ, ಮೂರು ಸಲ. ಲ್ಯಾವೆಂಡರ್ ಬೇರಿಗೆ ತೇವ ಆಗಿಬರದು, ಹಾಗಾಗಿ ಮಣ್ಣಿನ ಮೇಲೆ ಪ್ಲಾಸ್ಟಿಕ್ ಚೀಲ ಸುತ್ತಿ, ಕುಂಡ ಮಲಗಿಸಿ, ಎಲೆಯ ಅಡಿಗೆ ಹೊಡೆಯುತ್ತೇನೆ.

ನಾನು ನಳಕ್ಕಾಗಿ ಬೆಳಿಗ್ಗೆ ಐದೂವರೆಗೆ ಏಳುವವಳು, ಕುಂಡ ನಾಲ್ಕೇ, ನನಗೆ ಇದು ಸಾಗುತ್ತದೆ. ನಲವತ್ತಿದ್ದರೆ ಚಳಿಗಾಲದಲ್ಲೇ ಗಂಧಕ ಹೊಡೆದಿಡುತ್ತಿದ್ದೆ. ಮೂರು ಕುಂಡ ಈಗ ಚೆನ್ನಾಗಿವೆ. ಸುಟ್ಟದ್ದರಲ್ಲಿ ಬುಡದ ಹತ್ತಿರ ಎರಡು ಚಿಗುರು ಬಂದಿವೆ, ದಿನಾ ಹಾಳೆ ಹಿಡಿದು ಕೊಡವಿ ನೋಡುತ್ತೇನೆ.