ಸ್ಲ್ಯಾಬ್ 9 ದಿನ ಲೇಟಾದ್ರೆ ಯಾವ ಆನಿಮೇಷನ್ ಸಾಫ್ಟ್‌ವೇರ್ ಕೈ ಕೊಡಲ್ಲ? ನೇವಿಸ್‌ವರ್ಕ್ಸ್, ಸಿಂಕ್ರೋ, ಬ್ಲೆಂಡರ್ ಮೂರೂ ಮಾಡಿ ನೋಡಿದ್ದು

ಮೈಸೂರಲ್ಲಿ ನಮ್ದೊಂದು ಸ್ಟಿಲ್ಟ್ (ಕೆಳಗೆ ಪಾರ್ಕಿಂಗ್) ಪ್ಲಸ್ 4 ಅಪಾರ್ಟ್‌ಮೆಂಟ್ ಕೆಲ್ಸ ಶುರುವಾಗೋದಿತ್ತು, ಓನರ್ ಬಂದು "ಕಟ್ಟಡ ಹೆಂಗೆ ಮೇಲೇಳ್ತದೆ ಅಂತ ಒಂದ್ ವಿಡಿಯೋ ಮಾಡ್ಕೊಡಿ ಸಾರ್, ಪಾರ್ಟ್ನರ್ಸ್‌ಗೆ ತೋರಿಸ್ಬೇಕು" ಅಂದ್ರು. ಆರ್ಕಿಟೆಕ್ಟ್ ಹತ್ರ ರೆವಿಟ್ ಸಾಫ್ಟ್‌ವೇರ್‌ನಲ್ಲಿ ಮಾಡಿದ ಕಟ್ಟಡದ 3ಡಿ ಮಾಡೆಲ್ ಇದೆ, ನಮ್ಮತ್ರ ಎಂಎಸ್ ಪ್ರಾಜೆಕ್ಟ್‌ನಲ್ಲಿ ಸ್ಟ್ರಕ್ಚರ್ ಮತ್ತೆ ಗೋಡೆ ಕೆಲ್ಸಕ್ಕೆ 240 ದಿನದ ಶೆಡ್ಯೂಲ್ ಇದೆ, ಎರಡನ್ನೂ ಒಂದ್ಕಡೆ ಹಾಕಿದ್ರೆ ಆಯ್ತಲ್ಲ ಅಂದ್ಕೊಂಡು ಹೂಂ ಅಂದ್ಬಿಟ್ಟೆ. ಅಲ್ಲಿಂದ ಒಂದೂವರೆ ತಿಂಗಳು ಸಂಜೆ ಸಂಜೆ ಇದೇ ಕಥೆ.

ಯಾವುದ್ರಲ್ಲಿ ವಿಡಿಯೋ ಚಂದ ಬರುತ್ತೆ ಅಂತ ನೋಡೋಕೆ ಹೋಗಿದ್ದೆ, ಆದ್ರೆ ಎರಡನೇ ವಾರದಲ್ಲೇ ಅದು ಪ್ರಶ್ನೇನೇ ಅಲ್ಲ ಅನ್ನಿಸ್ತು. ಮೊದಲ್ನೇ ಸಲ ಯಾವುದ್ರಲ್ಲಾದ್ರೂ ಮಾಡ್ಬೋದು. ಮಳೆ ಬಂದು, ಇಲ್ಲ ಕಬ್ಬಿಣ ಬರ್ದೆ, ಸೆಕೆಂಡ್ ಫ್ಲೋರ್ ಸ್ಲ್ಯಾಬ್ 9 ದಿನ ಮುಂದಕ್ಕೆ ಹೋಯ್ತು ಅನ್ಕೊಳ್ಳಿ, ಆಗ ಅದೇ ವಿಡಿಯೋನ ಮತ್ತೆ ತೆಗಿಯೋಕೆ ಎಷ್ಟೊತ್ತು ಬೇಕು? ಈ ಒಂದು ಪರೀಕ್ಷೆ ಇಟ್ಕೊಂಡೆ. ಎಲ್ಲಾದಕ್ಕೂ ಅದೇ ಮಾಡೆಲ್, ಅದೇ ಶೆಡ್ಯೂಲ್, ಅದೇ 9 ದಿನ.

ಅದಕ್ಕೂ ಮುಂಚೆ ಮಾಡೆಲ್‌ದೇ ಒಂದು ಗೋಳು ಹೇಳ್ಬೇಕು, ಯಾಕಂದ್ರೆ ಅರ್ಧ ಟೈಮ್ ಹೋಗಿದ್ದೇ ಅದಕ್ಕೆ. ಆರ್ಕಿಟೆಕ್ಟ್ ಮಾಡೆಲ್‌ನಲ್ಲಿ ಕಾಲಂ ಎಲ್ಲಾ ಫೂಟಿಂಗ್‌ನಿಂದ ಟೆರೇಸ್ ತನಕ ಒಂದೇ ತುಂಡು. ಡ್ರಾಯಿಂಗ್ ತೆಗಿಯೋಕೆ ಅದು ಪರ್ವಾಗಿಲ್ಲ, ಪ್ಲಾನ್ ಕಟ್ ಮಾಡಿದ್ರೆ ಸರಿಯಾಗೇ ಕಾಣ್ಸುತ್ತೆ. ಆದ್ರೆ ಆನಿಮೇಷನ್‌ಗೆ ಕೊಟ್ರೆ ಫೂಟಿಂಗ್ ಆದ ಮಾರನೇ ದಿನ ಐದು ಅಂತಸ್ತಿನ ಕಂಬಗಳು ಕೊಕ್ಕರೆ ಕಾಲು ನಿಂತಂಗೆ ನಿಂತ್ಬಿಡ್ತವೆ. ಸ್ಲ್ಯಾಬೂ ಅಷ್ಟೇ, ನಾವು ಎರಡು ಪೋರ್ ಮಾಡೋದು, ಅಂದ್ರೆ ಎರಡು ಸಲ ಕಾಂಕ್ರೀಟ್ ಹಾಕೋದು, ಮಾಡೆಲ್‌ನಲ್ಲಿ ಒಂದೇ ಹಲಗೆ. ಕಾಲಂಗಳನ್ನ ಲೆವೆಲ್ ಲೆವೆಲ್‌ಗೆ ಒಡೆದು, ಸ್ಲ್ಯಾಬನ್ನ ರೆವಿಟ್‌ನಲ್ಲೇ ಪಾರ್ಟ್ಸ್ ಮಾಡಿ ಎರಡಾಗಿ ಡಿವೈಡ್ ಮಾಡ್ದೆ. ಆಮೇಲೆ ನೇವಿಸ್‌ವರ್ಕ್ಸ್‌ಗೆ ಎಕ್ಸ್‌ಪೋರ್ಟ್ ಮಾಡುವಾಗ ಕನ್‌ಸ್ಟ್ರಕ್ಷನ್ ಪಾರ್ಟ್ಸ್ ಅಂತ ಒಂದು ಟಿಕ್ ಇರುತ್ತೆ, ಅದನ್ನ ಹಾಕ್ದೆ ಬಿಟ್ರೆ ಒಡೆದಿದ್ದೆಲ್ಲಾ ದಂಡ, ಹಳೇ ಇಡೀ ಸ್ಲ್ಯಾಬೇ ಬರುತ್ತೆ. ನಾನು ಅದನ್ನ ಕಂಡ್ಕೊಳ್ಳೋಕೆ ಒಂದು ಭಾನುವಾರ ಪೂರ್ತಿ ಕೊಟ್ಟಿದೀನಿ.

ಸರಿ, ನೇವಿಸ್‌ವರ್ಕ್ಸ್. ಇಲ್ಲಿ ಕೆಲ್ಸ ಮಾಡೋದು ಟೈಮ್‌ಲೈನರ್, ಅಂದ್ರೆ ಶೆಡ್ಯೂಲನ್ನ ಮಾಡೆಲ್‌ಗೆ ಜೋಡಿಸೋ ಭಾಗ, ಅದು ಮ್ಯಾನೇಜ್ ಮತ್ತೆ ಸಿಮ್ಯುಲೇಟ್ ಅನ್ನೋ ಎರಡು ಆವೃತ್ತಿಗಳಲ್ಲೂ ಇದೆ, ಫ್ರೀಡಂ ಅನ್ನೋ ಆವೃತ್ತಿ ಬರೀ ನೋಡೋಕೆ. ಟಾಸ್ಕ್‌ನಲ್ಲಿ ಮೂರು ಜಾತಿ: ಕನ್‌ಸ್ಟ್ರಕ್ಟ್, ಡೆಮಾಲಿಷ್, ಟೆಂಪರರಿ. ಕಟ್ತಾ ಇರೋದು ಪಾರದರ್ಶಕ ಹಸಿರು, ಒಡೀತಿರೋದು ಕೆಂಪು, ತಾತ್ಕಾಲಿಕ ಹಳದಿ, ಮುಗಿದ್ಮೇಲೆ ಕಟ್ಟಿದ್ದಕ್ಕೆ ಮಾಡೆಲ್‌ನ ಸ್ವಂತ ಬಣ್ಣ ಬರುತ್ತೆ, ಉಳಿದೆರಡು ಮಾಯ ಆಗ್ತವೆ. ಟಾಸ್ಕ್ ಹೆಸರೂ ಸೆಟ್ (ಮಾಡೆಲ್‌ನ ವಸ್ತುಗಳ ಗುಂಪು) ಹೆಸರೂ ಒಂದೇ ಇಟ್ರೆ ರೂಲ್ ಹಾಕಿ ಒಂದೇ ಏಟಿಗೆ ಎಲ್ಲಾ ಅಟ್ಯಾಚ್ ಮಾಡ್ಬೋದು. ಒಂದು ಮಾತು ನೆನಪಿರ್ಲಿ, ಸೆಲೆಕ್ಷನ್ ಸೆಟ್ ಬೇಡ, ಸರ್ಚ್ ಸೆಟ್ ಮಾಡಿ. ಸೆಲೆಕ್ಷನ್ ಸೆಟ್ ಅಂದ್ರೆ ನೀವು ಆವತ್ತು ಕೈಯಲ್ಲಿ ಆರಿಸಿದ ವಸ್ತುಗಳು ಅಷ್ಟೇ, ಸರ್ಚ್ ಸೆಟ್ ಅಂದ್ರೆ "ಫಸ್ಟ್ ಫ್ಲೋರ್‌ನ ಕಾಲಂಗಳು" ಅನ್ನೋ ಷರತ್ತು, ಆರ್ಕಿಟೆಕ್ಟ್ ನಾಳೆ ಎರಡು ಕಾಲಂ ಸೇರ್ಸಿ ಹೊಸ ಮಾಡೆಲ್ ಕಳ್ಸಿದ್ರೆ ಅವೂ ತಾವಾಗೇ ಬಂದು ಸೇರ್ಕೋತವೆ.

9 ದಿನದ ಪರೀಕ್ಷೆ: ಎಂಎಸ್ ಪ್ರಾಜೆಕ್ಟ್‌ನಲ್ಲಿ ತಾರೀಕು ಬದಲಾಯ್ಸಿ, ಇಲ್ಲಿ ಸಿಂಕ್ರೊನೈಸ್ ಒತ್ತಿದೆ, ವಿಡಿಯೋ ಹೊರಗೆ ತೆಗೆಯೋದೂ ಸೇರಿ 20 ನಿಮಿಷ. ಆದ್ರೆ ತಾರೀಕನ್ನ ಟೈಮ್‌ಲೈನರ್ ಒಳಗೇ ಬದಲಾಯ್ಸೋಕೆ ಹೋಗ್ಬೇಡಿ. ಅದಕ್ಕೆ ಒಂದರ ಹಿಂದೆ ಒಂದು ಅನ್ನೋ ಲೆಕ್ಕ ಗೊತ್ತಿಲ್ಲ, ಚಾರ್ಟ್‌ನಲ್ಲಿ ಸ್ಲ್ಯಾಬ್‌ನ ಬಾರ್ ಎಳೆದ್ರೆ ಸ್ಲ್ಯಾಬ್ ಮಾತ್ರ ಹೋಗುತ್ತೆ, ಅದರ ಮೇಲಿನ ಕಾಲಂ ಹಳೇ ತಾರೀಕಿಗೇ ಗಾಳಿಯಲ್ಲಿ ಎದ್ದು ನಿಲ್ಲುತ್ತೆ. ಇನ್ನೊಂದು ನನ್ನದೇ ತಪ್ಪು, ಮೊದಲು ಶೆಡ್ಯೂಲನ್ನ ಸಿಎಸ್‌ವಿ (ಬರೀ ಅಕ್ಷರ ಅಂಕಿಯ ಪಟ್ಟಿ) ಫೈಲಾಗಿ ಹಾಕಿದ್ದೆ, ತಾರೀಕಿನ ಫಾರ್ಮ್ಯಾಟ್ ನೋಡ್ದೆ. 05/06 ಅಂದ್ರೆ ನಮಗೆ ಜೂನ್ 5, ಅದಕ್ಕೆ ಮೇ 6. ಫೂಟಿಂಗ್‌ಗಿಂತ ಮುಂಚೆ, ಅದಾದ್ಮೇಲೆ ಬರ್ಬೇಕಾದ ಪ್ಲಿಂತ್ ಬೀಮ್ ಬಂತು, ಅದನ್ನ ನೋಡಿ ನಮ್ಮ ಸೈಟ್ ಇಂಜಿನಿಯರ್ ನಕ್ಕಿದ್ದು ಇನ್ನೂ ನಿಂತಿಲ್ಲ.

ನೋಡೋಕೆ ಮಾತ್ರ ಸಪ್ಪೆ. ವಸ್ತು ಬೆಳೆಯಲ್ಲ, ಹಸಿರಾಗಿ ಪ್ರತ್ಯಕ್ಷ ಆಗುತ್ತೆ, ಆಮೇಲೆ ಗಟ್ಟಿಯಾಗುತ್ತೆ, ಅಷ್ಟೇ.

ಆದ್ರೂ ನಂಗೆ ಅದು ಇಷ್ಟ ಆಗಿದ್ದು ಆ ಹಳದಿ ಬಣ್ಣಕ್ಕೆ. ಸೆಂಟ್ರಿಂಗ್ ಪ್ರಾಪ್‌ಗಳನ್ನ (ಸ್ಲ್ಯಾಬ್ ಗಟ್ಟಿಯಾಗೋ ತನಕ ಕೆಳಗಿಂದ ಕೊಡೋ ಊರುಗೋಲು) ಒರಟಾಗಿ ಕಡ್ಡಿ ಥರ ಮಾಡೆಲ್ ಮಾಡಿ ಟೆಂಪರರಿ ಅಂತ ಹಾಕ್ದೆ. ಕಾಂಕ್ರೀಟ್ ಕೆಲ್ಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಸ್ಲ್ಯಾಬ್ ಸ್ಪ್ಯಾನ್ 4.5 ಮೀಟರ್ ಒಳಗಿದ್ರೆ ಪ್ರಾಪ್ 7 ದಿನ ಇರ್ಬೇಕು, ಅದಕ್ಕಿಂತ ಜಾಸ್ತಿ ಇದ್ರೆ 14, ಬೀಮ್ ಆದ್ರೆ 6 ಮೀಟರ್ ತನಕ 14, ಅದನ್ನೂ ದಾಟಿದ್ರೆ 21 ದಿನ, ಇದೆಲ್ಲಾ ಓಪಿಸಿ (ಆರ್ಡಿನರಿ ಪೋರ್ಟ್‌ಲ್ಯಾಂಡ್) ಸಿಮೆಂಟ್ ಲೆಕ್ಕ. ನಮ್ಮ ಶೆಡ್ಯೂಲ್‌ನಲ್ಲಿ ಸ್ಟಿಲ್ಟ್‌ನ ಒಂದು ಮೂಲೆಯಲ್ಲಿ ಬ್ಲಾಕ್ ಕೆಲ್ಸ ಶುರು ಅಂತಿತ್ತು, ಆನಿಮೇಷನ್ ನೋಡಿದ್ರೆ ಅಲ್ಲಿನ್ನೂ ಹಳದಿ ಕಡ್ಡಿಗಳು ನಿಂತಿವೆ, ಗೋಡೆ ಅವುಗಳ ಮಧ್ಯದಲ್ಲೇ ಏಳ್ತಿದೆ. ಬಾರ್ ಚಾರ್ಟ್‌ನಲ್ಲಿ ಮೂರು ತಿಂಗಳಿಂದ ಅದನ್ನ ಎಲ್ಲರೂ ನೋಡ್ತಾನೇ ಇದ್ವಿ, ಯಾರ ಕಣ್ಣಿಗೂ ಬಿದ್ದಿರ್ಲಿಲ್ಲ. ಮೇಸ್ತ್ರಿ ಒಂದ್ಸಲ ನೋಡಿದ್ದಷ್ಟೇ, "ಹಳದಿ ಹೋಗೋಗಂಟ ಬ್ಲಾಕ್ ಇಳಿಸ್ಬೇಡಿ ಅನ್ನಿ ಸಾರ್" ಅಂದ್ರು.

ಸಿಂಕ್ರೋ ಬೇರೆ ಲೆವೆಲ್. 2018ರಲ್ಲಿ ಬೆಂಟ್ಲಿ ಸಿಸ್ಟಮ್ಸ್ ಅನ್ನೋ ಸಾಫ್ಟ್‌ವೇರ್ ಕಂಪನಿ ಕೊಂಡ್ಕೊಂಡ ಮೇಲೆ ಸಿಂಕ್ರೋ 4ಡಿ ಆಗಿದೆ, ಇದು ಹುಟ್ಟಿದ್ದೇ ಈ ಕೆಲ್ಸಕ್ಕೆ. ಶೆಡ್ಯೂಲ್ ಲೆಕ್ಕ ಒಳಗೇ ಇದೆ, ಸ್ಲ್ಯಾಬ್ 9 ದಿನ ತಳ್ಳಿದ್ರೆ ಮೇಲಿನದೆಲ್ಲಾ ಸಾಲಾಗಿ ಮುಂದಕ್ಕೆ ಹೋಗುತ್ತೆ, ಪರೀಕ್ಷೆ 10 ನಿಮಿಷದಲ್ಲಿ ಮುಗೀತು. ಕಂಬ ಕೆಳಗಿಂದ ಮೇಲಕ್ಕೆ, ಸ್ಲ್ಯಾಬ್ ಎಡದಿಂದ ಬಲಕ್ಕೆ ನಿಜವಾಗ್ಲೂ ಬೆಳೆಯುತ್ತೆ, ಕ್ರೇನ್‌ಗೆ ದಾರಿ ಹಾಕಿ ಓಡಿಸ್ಬೋದು. ಎಲ್ಲಕ್ಕಿಂತ ದೊಡ್ಡದು, ಮಾಡೆಲನ್ನ ಅದರೊಳಗೇ ಕತ್ತರಿಸ್ಬೋದು, ನಾನು ರೆವಿಟ್‌ನಲ್ಲಿ ಒದ್ದಾಡಿದ್ದೆಲ್ಲಾ ಇಲ್ಲಿ ಬೇಕಾಗ್ತಾನೇ ಇರ್ಲಿಲ್ಲ. ಹಾಗಾದ್ರೆ ಯಾಕೆ ತಗೊಳ್ಳಿಲ್ಲ? ದುಡ್ಡು ಸ್ವಾಮಿ. ಟ್ರಯಲ್ ಮುಗಿದ್ಮೇಲೆ ರೇಟ್ ವಿಚಾರಿಸಿ ಸುಮ್ಮನಾದೆ. ಮೆಟ್ರೋ, ಆಸ್ಪತ್ರೆ, ಫ್ಲೈಓವರ್ ಥರ ಕೆಲ್ಸ ಮಾಡೋರಿಗೆ ಅದು ಲೆಕ್ಕಕ್ಕೇ ಬರಲ್ಲ, ಐದು ಅಂತಸ್ತಿಗೆ ನುಸಿ ಹೊಡಿಯೋಕೆ ಜೆಸಿಬಿ ತಂದಂಗೆ. ಕಲಿಯೋಕೂ ಟೈಮ್ ಬೇಕು, ಮೊದಲ್ನೇ ಮೂರು ಸಂಜೆ ನಂಗೆ ರಿಸೋರ್ಸ್ ಅಂದ್ರೆ ಇಲ್ಲಿ ಏನು ಅಂತ ತಿಳ್ಕೊಳ್ಳೋದ್ರಲ್ಲೇ ಹೋಯ್ತು, ನಾವು ಆಳು ಕಾಳು ಅಂದ್ಕೊಂಡ್ರೆ ಅದ್ರಲ್ಲಿ ಕಾಲಂ ಕೂಡ ರಿಸೋರ್ಸೇ.

ಬ್ಲೆಂಡರ್ ಫ್ರೀ ಅಂತ ಎಲ್ಲರಿಗೂ ಗೊತ್ತು. ಅದಕ್ಕೆ ಬೊನ್ಸಾಯ್ ಅಂತ ಆಡ್‌ಆನ್ ಇದೆ, 2024ರ ತನಕ ಬ್ಲೆಂಡರ್‌ಬಿಮ್ ಅಂತಿದ್ರು, ಅದ್ರಲ್ಲಿ ಐಎಫ್‌ಸಿ ಫೈಲ್ (ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಕಟ್ಟಡದ ಮಾಡೆಲ್ ಒಯ್ಯೋ ಫಾರ್ಮ್ಯಾಟ್) ನೇರ ತೆಗೆದು ಎಂಎಸ್ ಪ್ರಾಜೆಕ್ಟ್‌ನ ಎಕ್ಸ್‌ಎಂಎಲ್ ಹಾಕಿ ಟಾಸ್ಕ್‌ಗೆ ಕಟ್ಬೋದು. ನಾನು ಸ್ವಲ್ಪ ದಿನ ಅದ್ರಲ್ಲಿ ಆಡಿ, ಕೊನೆಗೆ ಸ್ವಂತ ಪೈಥಾನ್ ಸ್ಕ್ರಿಪ್ಟ್ ಬರ್ಕೊಂಡೆ, 40 ಸಾಲು ಇರ್ಬೋದು, ಸಿಎಸ್‌ವಿ ಓದಿ ಪ್ರತಿ ವಸ್ತುವಿಗೂ ಕೀಫ್ರೇಮ್ (ಯಾವ ಫ್ರೇಮ್‌ನಲ್ಲಿ ಹೆಂಗಿರ್ಬೇಕು ಅನ್ನೋ ಗುರುತು) ಹಾಕುತ್ತೆ. ದಿನಕ್ಕೆ 3 ಫ್ರೇಮ್, 240 ದಿನಕ್ಕೆ 720, ಸೆಕೆಂಡಿಗೆ 24 ಅಂದ್ರೆ ಸರಿಯಾಗಿ ಅರ್ಧ ನಿಮಿಷದ ವಿಡಿಯೋ. ಕಂಬ ಬೆಳೀಬೇಕು ಅಂದ್ರೆ ಒರಿಜಿನ್ (ವಸ್ತುವಿನ ಅಳತೆ ಶುರುವಾಗೋ ಬಿಂದು) ಬುಡದಲ್ಲಿಟ್ಟು ಎತ್ತರದ ಸ್ಕೇಲನ್ನ ಸೊನ್ನೆಯಿಂದ ಒಂದಕ್ಕೆ ತರ್ಬೇಕು, ಒರಿಜಿನ್ ಮಧ್ಯದಲ್ಲಿದ್ರೆ ಕಂಬ ಮೇಲಕ್ಕೂ ಕೆಳಕ್ಕೂ ಉಬ್ಬುತ್ತೆ.

ಇಲ್ಲಿ ನಂಗಾದ ದೊಡ್ಡ ಪೆಟ್ಟು ಕೇಳಿ. ವಸ್ತು ಮರೆ ಮಾಡೋಕೆ ಪಕ್ಕಪಕ್ಕದಲ್ಲೇ ಎರಡು ಐಕಾನ್ ಇವೆ, ಮಾನಿಟರ್ ಚಿತ್ರದ್ದು ಸ್ಕ್ರೀನ್‌ಗೆ, ಕ್ಯಾಮೆರಾ ಚಿತ್ರದ್ದು ರೆಂಡರ್‌ಗೆ, ಅಂದ್ರೆ ಕೊನೇ ಚಿತ್ರ ತೆಗೆಯೋದಕ್ಕೆ. ನಾನು ಮಾನಿಟರ್‌ಗೆ ಮಾತ್ರ ಕೀ ಹಾಕಿದ್ದೆ. ಸ್ಕ್ರೀನ್ ಮೇಲೆ ಅದ್ಭುತವಾಗಿ ಓಡ್ತಿತ್ತು, ರಾತ್ರಿ ರೆಂಡರ್‌ಗೆ ಬಿಟ್ಟು ಮಲಗ್ದೆ, ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ನೋಡಿದ್ರೆ ಮೊದಲ ಫ್ರೇಮ್‌ನಿಂದ್ಲೇ ಇಡೀ ಕಟ್ಟಡ ನಿಂತಿದೆ, 720 ಫ್ರೇಮೂ ಅದೇ, ಗೃಹಪ್ರವೇಶಕ್ಕೆ ರೆಡಿ. ಇನ್ನೊಂದು, ನೇರ ವಿಡಿಯೋ ಫೈಲ್‌ಗೆ ರೆಂಡರ್ ಮಾಡ್ಬೇಡಿ, ಪಿಎನ್‌ಜಿ ಚಿತ್ರಗಳಾಗಿ ತೆಗೀರಿ, ಮಧ್ಯರಾತ್ರಿ ಕರೆಂಟ್ ಹೋದ್ರೂ ಆಗಿರೋವಷ್ಟು ಉಳಿಯುತ್ತೆ.

9 ದಿನದ ಪರೀಕ್ಷೇಲಿ ಸ್ಕ್ರಿಪ್ಟ್ ಓಡ್ಸೋದು ಕಾಲು ಗಂಟೆ, ರೆಂಡರ್ ಮತ್ತೊಂದು ರಾತ್ರಿ. ಆದ್ರೆ ಬಂದ ವಿಡಿಯೋ ಇದೆಯಲ್ಲ, ಬಿಸಿಲು ನೆರಳು ಎಲ್ಲಾ ಸೇರಿ, ಓನರ್ ಅದನ್ನೇ ವಾಟ್ಸಾಪ್ ಸ್ಟೇಟಸ್‌ಗೆ ಹಾಕ್ಕೊಂಡ್ರು.

ಉಳಿದವು ಬೇಗ ಹೇಳ್ಬಿಡ್ತೀನಿ. ಸ್ಕೆಚಪ್‌ನಲ್ಲಿ ಟ್ಯಾಗ್ ಮತ್ತೆ ಸೀನ್ ಮಾಡಿ ಓಡ್ಸಿದ್ರೆ ಫ್ಲೋರ್‌ಗಳು ಪಕ್ ಪಕ್ ಅಂತ ಬರ್ತವೆ, ಮಾಡೆಲನ್ನ ಕತ್ತರಿಸಿ ತೋರಿಸೋ ಸೆಕ್ಷನ್ ಪ್ಲೇನನ್ನ ಸೀನ್‌ಗೊಂದರಂತೆ ಮೇಲೆ ಮೇಲೆ ಇಟ್ರೆ ಕಟ್ಟಡ ನಿಧಾನಕ್ಕೆ ಎದ್ದಂಗೆ ಕಾಣುತ್ತೆ, ಮನೆ ಕಟ್ಟೋರಿಗೆ ತೋರಿಸೋಕೆ ಇದೇ ಸಾಕು. ತಾರೀಕಿಗೂ ಅದಕ್ಕೂ ಸಂಬಂಧ ಇಲ್ಲ, ನನ್ನ ಪರೀಕ್ಷೆಗೆ ಅರ್ಧ ದಿನ ತಿಂತು. ಟ್ವಿನ್‌ಮೋಷನ್‌ನಲ್ಲಿ ಫೇಸಿಂಗ್ (ಹಂತ ಹಂತವಾಗಿ ತೋರಿಸೋದು) ಇದೆ, ವರ್ಷಕ್ಕೆ 10 ಲಕ್ಷ ಡಾಲರ್ ಒಳಗೆ ವಹಿವಾಟು ಇರೋರಿಗೆ 2024ರಿಂದ ಫ್ರೀ, ಅಂದ್ರೆ ನಮ್ಮಂಥೋರೆಲ್ಲಾ ಅದರೊಳಗೇ ಬರ್ತೀವಿ, ಆದ್ರೆ ಹಂತಗಳನ್ನ ಕೈಯಲ್ಲೇ ಜೋಡಿಸ್ಬೇಕು. ಲ್ಯುಮಿಯನ್‌ನಲ್ಲಿ ಸ್ಕೈ ಡ್ರಾಪ್ ಅಂತ ಎಫೆಕ್ಟ್, ಬೀಮ್ ಕಾಲಂ ಎಲ್ಲಾ ಆಕಾಶದಿಂದ ಉದುರ್ತವೆ, ಸೈಟ್‌ನಲ್ಲಿ ತೋರ್ಸಿದ್ರೆ ಬಾರ್ ಬೆಂಡಿಂಗ್ ಹುಡುಗ್ರು "ನಾವ್ಯಾಕೆ ಸಾರ್ ಹಂಗಾದ್ರೆ" ಅಂತಾರೆ.

ಈಗ ನಾನು ಮಾಡ್ತಿರೋದು ಹಿಂಗೆ: ಸೋಮವಾರದ ಮೀಟಿಂಗ್‌ಗೆ ನೇವಿಸ್‌ವರ್ಕ್ಸ್, ಮುಂದಿನ ಮೂರು ವಾರದ ತುಂಡು ಮಾತ್ರ, ಪ್ರಾಪ್ ಸಮೇತ. ಓನರ್ ಕೇಳಿದಾಗ ಮಾತ್ರ ಬ್ಲೆಂಡರ್, ಅದೂ ಸ್ಲ್ಯಾಬ್ ಹಾಕಿದ ಮೇಲೆ. ಮುಂದಿನ ಕೆಲ್ಸದ ಆರ್ಕಿಟೆಕ್ಟ್‌ಗೆ ಆಗ್ಲೇ ಫೋನ್ ಮಾಡಿ ಕಾಲಂಗಳನ್ನ ಲೆವೆಲ್‌ಗೊಂದು ತುಂಡು ಮಾಡಿ ಕಳ್ಸಿ ಅಂತ ಹೇಳಿದೀನಿ, "ಯಾಕೆ, ಡ್ರಾಯಿಂಗ್ ಸರಿಯಾಗೇ ಇದೆಯಲ್ಲ" ಅಂದ್ರು.