ಕನ್ನಂಬಾಡಿ ಹಿನ್ನೀರಿನಲ್ಲಿ ಎಂಟರ್‌ಪ್ರೈಸ್, 420 ಮತ್ತು 470: ಇಬ್ಬರ ಹಾಯಿದೋಣಿಗಳ ಹೋಲಿಕೆ

ಮೈಸೂರಿನಿಂದ ಬೆಳಗಿನ ಜಾವಕ್ಕೇ ಹೊರಟು, ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಮೀನಾಕ್ಷಿಪುರದ ಬದಿಯ ದಡದಿಂದ, ಎರಡು ಮಳೆಗಾಲ ಮತ್ತು ಒಂದು ಬೇಸಿಗೆ ನಾನೂ ನನ್ನ ಅಕ್ಕನ ಮಗಳೂ ಇಬ್ಬರು ನಡೆಸುವ ಮೂರು ಬಗೆಯ ಪಂದ್ಯದ ಹಾಯಿದೋಣಿಗಳನ್ನು ಪರೀಕ್ಷಿಸಿ ನೋಡಿದೆವು. ನನ್ನ ತೂಕ 64 ಕಿಲೋ, ಅವಳದು 55. ಇದನ್ನು ಮೊದಲೇ ಹೇಳಬೇಕು, ಏಕೆಂದರೆ ದೋಣಿಯ ಆಯ್ಕೆಯಲ್ಲಿ ಬೆಲೆಗಿಂತಲೂ ವೇಗಕ್ಕಿಂತಲೂ ಇಬ್ಬರ ಒಟ್ಟು ತೂಕವೇ ನಿರ್ಣಾಯಕ ಎಂಬುದು ನಮಗೆ ನೀರಿಗಿಳಿದ ಮೇಲೆ ಮನವರಿಕೆಯಾಯಿತು.

ಎಂಟರ್‌ಪ್ರೈಸ್ ದೋಣಿಯನ್ನು ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ 1956ರಲ್ಲಿ ರೂಪಿಸಿದರು. ಸುಮಾರು ನಾಲ್ಕು ಮೀಟರ್ ಉದ್ದದ ಈ ದೋಣಿಯನ್ನು ಅದರ ನೀಲಿ ಹಾಯಿಗಳಿಂದಲೇ ದೂರದಿಂದ ಗುರುತಿಸಬಹುದು. ಇದರಲ್ಲಿ ಸ್ಪಿನೇಕರ್ (ಗಾಳಿ ಹಿಂದಿನಿಂದ ಬೀಸುವಾಗ ಮುಂದೆ ಉಬ್ಬಿಸುವ ದೊಡ್ಡ ಹಾಯಿ) ಇಲ್ಲ, ಟ್ರಪೀಜ್ (ದೋಣಿಯ ಹೊರಗೆ ತೂಗಿ ನಿಲ್ಲಲು ಹಾಯಿಕಂಬದಿಂದ ಇಳಿಬಿಟ್ಟ ತಂತಿ) ಇಲ್ಲ. ಅಂಚಿನ ಮೇಲೆ ಕುಳಿತು, ಪಾದಗಳನ್ನು ಪಟ್ಟಿಯೊಳಗೆ ಸಿಕ್ಕಿಸಿ, ಮೈಯನ್ನು ಹೊರಗೆ ಬಾಗಿಸಿಯೇ ಗಾಳಿಯ ಒತ್ತಡಕ್ಕೆ ಎದುರು ನಿಲ್ಲಬೇಕು. ಮಾಗಿಯ ತಿಳಿಗಾಳಿಯಲ್ಲಿ ಇದರಷ್ಟು ಹಿತವಾದ ದೋಣಿಯನ್ನು ನಾನು ಬೇರೆ ಕಂಡಿಲ್ಲ, ಹೊಸಬರಿಗೆ ಕಲಿಸುವುದಕ್ಕೂ ಇದೇ ಸರಿ. ಆದರೆ ಆಷಾಢದ ಗಾಳಿ ಬೀಸತೊಡಗಿದಾಗ ನಮ್ಮ 119 ಕಿಲೋ ಸಾಲದೆ ಹೋಯಿತು. ನಮಗೆ ಸಿಕ್ಕಿದ್ದ ಹಳೆಯ ದೋಣಿ ಮಗುಚಿದರೆ ಎದ್ದು ನಿಲ್ಲುವಾಗ ಅಂಚಿನವರೆಗೂ ನೀರು ತುಂಬಿಕೊಂಡೇ ಏಳುತ್ತಿತ್ತು. ಒಬ್ಬರು ಬಕೆಟ್ಟಿನಲ್ಲಿ ನೀರು ಮೊಗೆದು ಚೆಲ್ಲುವಷ್ಟರಲ್ಲಿ ದೋಣಿ ಮತ್ತೆ ಒಂದು ಕಡೆಗೆ ವಾಲುತ್ತಿತ್ತು.

ಭಾರತದ ಹಾಯಿದೋಣಿ ಚರಿತ್ರೆಯಲ್ಲಿ ಎಂಟರ್‌ಪ್ರೈಸ್‌ಗೆ ಗೌರವದ ಸ್ಥಾನವಿದೆ. 1982ರ ಏಷ್ಯನ್ ಕ್ರೀಡಾಕೂಟದ ಹಾಯಿದೋಣಿ ಪಂದ್ಯಗಳು ಮುಂಬೈಯ ಕಡಲಿನಲ್ಲಿ ನಡೆದಾಗ ಎಂಟರ್‌ಪ್ರೈಸ್ ಮತ್ತು ಫೈರ್‌ಬಾಲ್ ಎಂಬ ಇನ್ನೊಂದು ಬಗೆಯ ದೋಣಿ ಎರಡೂ ಕಣದಲ್ಲಿದ್ದವು. ಫೈರ್‌ಬಾಲ್‌ನಲ್ಲಿ ಫಾರೂಖ್ ತಾರಾಪೋರ್ ಮತ್ತು ಜರೀರ್ ಕರಂಜಿಯಾ ಚಿನ್ನ ಗೆದ್ದರು. ಅದೇ ತಾರಾಪೋರ್ ಮುಂದೆ 1984, 1988 ಮತ್ತು 1992ರ ಒಲಿಂಪಿಕ್ಸ್‌ಗಳಿಗೆ ಹೋದದ್ದು 470 ದೋಣಿಯಲ್ಲಿ.

420ರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 4.20 ಮೀಟರ್ ಉದ್ದ, 80 ಕಿಲೋ ತೂಕದ ಒಡಲು, ಟ್ರಪೀಜ್ ಮತ್ತು ಸ್ಪಿನೇಕರ್ ಎರಡೂ ಇರುವ ಇದು ಹದಿಹರೆಯದವರನ್ನು 470ಕ್ಕೆ ಸಿದ್ಧಗೊಳಿಸುವ ಒಳ್ಳೆಯ ಮೆಟ್ಟಿಲು. ನನ್ನಂಥ ನಡುವಯಸ್ಸಿನವನಿಗೆ ಅದರೊಳಗೆ ಮಂಡಿ ಮಡಿಸುವುದೇ ಕಷ್ಟ.

470ಅನ್ನು ಫ್ರಾನ್ಸಿನ ಆಂದ್ರೆ ಕಾರ್ನು 1963ರಲ್ಲಿ ರೂಪಿಸಿದರು. ಉದ್ದ 4.70 ಮೀಟರ್, ಒಡಲಿನ ತೂಕ 120 ಕಿಲೋ. 1976ರ ಮಾಂಟ್ರಿಯಲ್‌ನಿಂದ 2024ರವರೆಗೆ ಒಂದೂ ಒಲಿಂಪಿಕ್ಸ್ ತಪ್ಪದೆ ಇದು ಕಣದಲ್ಲಿದೆ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆಂದೇ ಮೊದಲ ಹಾಯಿದೋಣಿ ಪಂದ್ಯ ಏರ್ಪಟ್ಟದ್ದೂ 1988ರಲ್ಲಿ, ಇದೇ ದೋಣಿಯಲ್ಲಿ. ಪುರುಷರ ವಿಭಾಗದಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಬೆಲ್ಚರ್ ಲಂಡನ್ ಮತ್ತು ಟೋಕಿಯೋಗಳಲ್ಲಿ ಚಿನ್ನವನ್ನೂ ನಡುವೆ ರಿಯೋದಲ್ಲಿ ಬೆಳ್ಳಿಯನ್ನೂ ಗೆದ್ದರು. ಇದು ಭಾರೀ ಮೈಕಟ್ಟನ್ನು ಬೇಡದ ದೋಣಿ. ಜಪಾನಿನವರು 1996, 2004 ಮತ್ತು 2024ರಲ್ಲಿ ಪದಕ ಗೆದ್ದದ್ದು ಇದರಲ್ಲೇ.

ಈ ಗುಣವನ್ನು ನಾವು ಕೈಯಾರೆ ಕಂಡೆವು. ಹಿರಿಯನೆಂದು ಮೊದಲು ಚುಕ್ಕಾಣಿ ಹಿಡಿದವನು ನಾನು. ನೈಋತ್ಯದ ಗಾಳಿ ನೀರನ್ನು ಕಪ್ಪಾಗಿಸುತ್ತಾ ನಮ್ಮತ್ತ ಓಡಿಬರುವಾಗ ಟ್ರಪೀಜ್ ತಂತಿಗೆ ತೂಗಿ ನಿಂತ ಅವಳ ತೂಕ ಸಾಲುತ್ತಿರಲಿಲ್ಲ, ಒಮ್ಮೆ ಸ್ಪಿನೇಕರ್ ಸಮೇತ ಮಗುಚಿಯೂ ಬಿದ್ದೆವು. ದೋಣಿಯನ್ನು ಎತ್ತಿ ನಿಲ್ಲಿಸಿದ ಮೇಲೆ ಅವಳು, "ಮಾವ, ಚುಕ್ಕಾಣಿ ನಾನು ಹಿಡೀತೀನಿ, ನೀವು ತಂತಿಗೆ ಹೋಗಿ" ಎಂದಳು. ಸೊಂಟಪಟ್ಟಿಯ ಕೊಕ್ಕೆಯನ್ನು ತಂತಿಯ ಬಳೆಗೆ ಸಿಕ್ಕಿಸಿ, ಅಂಚಿನ ಮೇಲೆ ಎರಡೂ ಪಾದ ಊರಿ ಬೆನ್ನನ್ನು ನೀರಿನ ಮೇಲೆ ಚಾಚಿದೊಡನೆ ದೋಣಿ ನೆಟ್ಟಗಾಗಿ, ಮುಂಭಾಗವನ್ನು ಎತ್ತಿಕೊಂಡು ಜಾರತೊಡಗಿತು. ಗಂಡು ಹೆಣ್ಣು ಜೋಡಿಯಾಗಿ ಸ್ಪರ್ಧಿಸಿದ 2024ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಆಸ್ಟ್ರಿಯಾದ ದೋಣಿಯಲ್ಲಿಯೂ ಚುಕ್ಕಾಣಿ ಲಾರಾ ವಾಡ್ಲಾವ್ ಅವರ ಕೈಯಲ್ಲಿತ್ತು, ತಂತಿಯಲ್ಲಿದ್ದವರು ಲುಕಾಸ್ ಮೇರ್. ಬೆಳ್ಳಿ ಗೆದ್ದ ಜಪಾನಿನ ಜೋಡಿಯಲ್ಲಿ ಇದು ಅದಲುಬದಲಾಗಿತ್ತು. ಎರಡೂ ಬಗೆಗೆ ಒಗ್ಗುವ ದೋಣಿಯೆಂಬುದೇ ನನಗೆ ಇದರ ದೊಡ್ಡ ಗುಣವಾಗಿ ಕಾಣುತ್ತದೆ.

ಆದ್ದರಿಂದ ನಮ್ಮ ಆಯ್ಕೆ 470. ಅದರ ತೊಡಕೂ ಸಣ್ಣದಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ, 124.80 ಅಡಿಯ ಗರಿಷ್ಠ ಮಟ್ಟದಿಂದ ನೀರು 90 ಅಡಿಯ ಆಸುಪಾಸಿಗೆ ಇಳಿದಾಗ, ದಡ ಮತ್ತು ನೀರಿನ ನಡುವೆ ಮೊಣಕಾಲು ಹೂತುಹೋಗುವ ಕೆಸರು ಹರಡಿರುತ್ತದೆ, ಟ್ರಾಲಿಯ ಗಾಲಿ ಅಲ್ಲಿ ಉರುಳುವುದಿಲ್ಲ. ಎಂಟರ್‌ಪ್ರೈಸನ್ನು ನಾಲ್ವರು ಹೊತ್ತು ಸಾಗಿಸಿದ ದಾರಿಯಲ್ಲಿ 470ಕ್ಕೆ ಆರು ಮಂದಿ ಬೇಕಾದರು, ಮತ್ತು ಅದನ್ನು ಹೊರುವಾಗ ಸೆಂಟರ್‌ಬೋರ್ಡಿನ (ದೋಣಿಯ ತಳದಿಂದ ನೀರಿಗಿಳಿಸುವ ಹಲಗೆಯ) ಸೀಳಿಗೆ ಕೆಸರು ಮೆತ್ತದಂತೆ ನೋಡಿಕೊಳ್ಳುವುದೇ ಅಂದಿನ ದೊಡ್ಡ ಕೆಲಸವಾಯಿತು.